ನೀಲಿ ಗನ್ನಿನ ಕಾಯಿಲೆ

ಟಿ.ವಿ. ರಿಪೇರಿಯವನಿಗೆ ತನ್ನ ಕಣ್ಣಿನ ಮೇಲೆ ಇದ್ದಷ್ಟು ನಂಬಿಕೆ ಕಟ್ಟಿಕೊಂಡ ಹೆಂಡತಿಯ ಮೇಲೂ ಇರಲಿಲ್ಲ. ಸೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎದುರಿಗೆ ಒರಗಿಸಿದ ಕನ್ನಡಿಯಲ್ಲಿ ಪರದೆ ನೋಡುತ್ತ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ಬಣ್ಣ ಅಳೆಯುವುದು ಅವನ ಪದ್ಧತಿ. ಹಳೇ ಡಬ್ಬಾ ಟಿ.ವಿ. ಇಟ್ಟುಕೊಂಡವರಿಗೆಲ್ಲ ಅವನೇ ಗತಿ. ಬೇರೆಯವರು ಕೈಚೆಲ್ಲಿದ ಸೆಟ್ಟನ್ನೂ ಎಬ್ಬಿಸಿ ಕೂರಿಸುತ್ತಿದ್ದ. ಸ್ವಲ್ಪ ಜಂಬ ಇದ್ದರೆ ತಪ್ಪೇನು ಹೇಳಿ!

ಆದರೆ ಈಚೆಗೆ ಅಂಗಡಿಗೆ ಬಂದ ಸೆಟ್ಟುಗಳಿಗೆಲ್ಲ ಒಂದೇ ಕಾಯಿಲೆ. ನೀಲಿ ಸಾಲದು. ಅವನು ನೀಲಿ ಏರಿಸುವನು, ವಾರ್ತೆ ಓದುವವಳ ಮುಖ ಚಳಿಗೆ ಸೆಟೆದಂತೆ ಕಾಣುವುದು. ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಹಾಕುವುದು ಹೆಂಡತಿಯ ಕೆಲಸ. ಅವನು ಕೈ ತೊಳೆಯಲು ಎದ್ದದ್ದೇ ತಡ, ಅವಳು ಒಳಗಿನ ನೀಲಿ ಕಂಟ್ರೋಲನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಏನೂ ಅರಿಯದವಳಂತೆ ಮುಚ್ಚಳ ಬಿಗಿಯುವಳು. ಗಿರಾಕಿಗಳು ಹೊಗಳಿ ಹೋಗುವರು, ಇವನು ಮೀಸೆ ತಿರುವುವನು. ಯಾರಿಗೂ ನಷ್ಟವಿಲ್ಲವಲ್ಲ ಎಂದು ಅವಳೂ ನೆಮ್ಮದಿಯಾಗಿದ್ದಳು.

ಆ ದಿನ ಬಂದದ್ದು ಅವನ ಅಕ್ಕನ ಟಿ.ವಿ. ಚಿತ್ರ ಕುಗ್ಗಿ ಒಂದು ಅಡ್ಡಗೆರೆಯಾಗಿತ್ತು, ಅಷ್ಟೇ. ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿದವನು ಕನ್ನಡಿ ನೋಡಿ ತಲೆಯಾಡಿಸಿದ.

"ಪೂರ್ತಿ ಏರಿಸಿದ್ರೂ ನೀಲಿ ಬರ್ತಿಲ್ಲ ಕಣೇ. ಗನ್ನೇ ಸೋತಿದೆ. ಒಂದು ಏಟು ಕೊಡ್ಲೇಬೇಕು."

ಅವಳು ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟಳು. ಪಿಕ್ಚರ್ ಟ್ಯೂಬಿನ ಕತ್ತಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಗನ್ನು. ಸೋತ ಗನ್ನಿಗೆ ಪೆಟ್ಟಿಗೆಯೊಂದರಿಂದ ಜೋರು ಕರೆಂಟ್ ಕೊಟ್ಟು ಮೇಲಿನ ಕಿಟ್ಟ ಸುಟ್ಟರೆ ಜೀವ ಬರುತ್ತದೆ. ಗಟ್ಟಿಯಾಗಿರುವ ಗನ್ನಿಗೆ ಕೊಟ್ಟರೆ ಸತ್ತೇ ಹೋಗಬಹುದು. ಸತ್ತರೆ ಅಂಥ ಟ್ಯೂಬ್ ಈಗ ಎಲ್ಲಿ ಹುಡುಕಿದರೂ ಸಿಗದು. ಮುಚ್ಚಳ ಹಾಕುವಾಗ ಗುಟ್ಟಾಗಿ ಸರಿಮಾಡುವಂಥದ್ದಲ್ಲ ಇದು.

ಅವನು ಟ್ಯೂಬಿನ ಸಾಕೆಟ್ ಕಿತ್ತು ಪೆಟ್ಟಿಗೆಯ ವೈರು ಸಿಕ್ಕಿಸಿದ.

"ಪೆಟ್ಟಿಗೆ ಮೇಲಿನ ಮೀಟರ್ ನೋಡಿ, ನೀಲಿ ಚೆನ್ನಾಗೇ ಇದೆ ಅಂತಿದೆ."

"ಆ ಮುಳ್ಳಿಗೆ ವಯಸ್ಸಾಗಿದೆ. ನೀನು ಸುಮ್ನಿರು."

ಅವನ ಬೆರಳು ಗುಂಡಿಯ ಕಡೆ ಹೋಯಿತು. ಅವಳು ಗೋಡೆಯಿಂದ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಳು.

"ಏನೇ ಇದು? ತಲೆ ಕೆಟ್ಟಿದೆಯಾ?"

"ಕೆಟ್ಟಿದೆ ಅಂತಲೇ ಇಟ್ಕೊಳ್ಳಿ. ಮೊದಲಿನ ಸಾಕೆಟ್ ಹಾಕಿ ಇನ್ನೊಂದ್ಸಲ ನೋಡಿ. ಆಮೇಲೆ ಹತ್ತು ಏಟು ಬೇಕಾದ್ರೂ ಕೊಡಿ."

ಗೊಣಗುತ್ತಲೇ ಹಾಕಿದ. ಚಿತ್ರ ಬಂತು. ಅವಳು ಹಿಂದಿನಿಂದ ಬಗ್ಗಿ ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಅಯ್ಯೋ! ಈ ವಾರ್ತೆ ಓದೋಳ್ಯಾಕೆ ಹೆಣದ ಹಾಗೆ ನೀಲಿಗಟ್ಟಿದಾಳೆ?"

"ನೀವೇ ಏರಿಸಿದ ನೀಲಿ."

ಅವಳ ಕೈ ಸರಿಸಿದ, ಎಡಗಣ್ಣು ಮುಚ್ಚಿದ, ತೆರೆದ, ಮತ್ತೆ ಬಲಗಣ್ಣು ಮುಚ್ಚಿದ. ಬಲಗಣ್ಣಿಗೆ ಪೊರೆ ಬಂದು ನೀಲಿ ಮಂಕಾಗಿ ಕಾಣುತ್ತಿತ್ತು.

"ಹಾಗಾದ್ರೆ ಇಷ್ಟು ದಿನ ಹೋದ ಸೆಟ್ಟುಗಳು?"

"ಮುಚ್ಚಳ ಹಾಕೋವಾಗ ನಾನೇ ಇಳಿಸ್ತಿದ್ದೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ?" ಅಂದಳು. ಕೇಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನ ಮುಖ ಸಣ್ಣಗಾದದ್ದನ್ನು ನೋಡಲಾರದೆ ಅವಳಿಗೆ ಅಳು ಬಂತು. ಇನ್ನೂ ಸ್ವಲ್ಪ ದಿನ ಮುಚ್ಚಿಡಬಹುದಿತ್ತೇನೋ ಎಂದೂ ಅನ್ನಿಸಿತು.

ಅಷ್ಟರಲ್ಲಿ ಅವನ ಅಕ್ಕ ಅಂಗಡಿಯ ಮೆಟ್ಟಿಲೇರಿ ಬಂದಳು. "ಏನಪ್ಪಾ ತಮ್ಮಾ, ಆಯ್ತಾ? ಅಯ್ಯೋ, ಬಣ್ಣ ಯಾಕೋ ಹೀಗಾಗಿದೆ?"

ಹೆಂಡತಿ ಸರಸರನೆ ಕಣ್ಣೊರೆಸಿಕೊಂಡಳು. "ಅದು ನಾನು ಮುಟ್ಟಿ ಕೆಡಿಸ್ದೆ ಅತ್ತಿಗೆ, ಈಗ ಇವರು..."

"ಇವಳ ಮಾತು ಬಿಡಕ್ಕಾ," ಎಂದ ಅವನು. ದನಿಯಲ್ಲಿ ಎಂದಿನ ಜೋರೇ ಇತ್ತು. "ಕೆಡಿಸಿದ್ದು ನಾನು. ನನ್ನ ಕಣ್ಣು ಹಾಳಾಗಿದೆ, ನಾಳೆಯೇ ಡಾಕ್ಟರ ಹತ್ರ ಹೋಗ್ತೀನಿ. ಈ ಅಂಗಡೀಲಿ ಬಣ್ಣ ನೋಡೋದು ಇವಳು. ಇಷ್ಟು ದಿನಾನೂ ಇವಳೇ, ನಂಗೆ ಗೊತ್ತಿರ್ಲಿಲ್ಲ ಅಷ್ಟೇ."

ಹಾಗೆಂದು ಸೆಟ್ಟಿನ ಹಿಂದಿನಿಂದ ಎದ್ದು, ಬಣ್ಣ ತಿದ್ದುವ ಸ್ಕ್ರೂಡ್ರೈವರನ್ನು ಅಕ್ಕನ ಎದುರಿಗೇ ಹೆಂಡತಿಯ ಕೈಗೆ ಕೊಟ್ಟ.