ಭಾವನ ಅರವತ್ತು ಸಾವಿರ ಯೂನಿಟ್

ನನ್ನ ಭಾವ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಯ ತಕ್ಕಡಿ ಐದು ಗ್ರಾಂ ಆಚೀಚೆಯಾದರೂ ಅಂಗಡಿಯವನ ಬೆವರಿಳಿಸುವ ಮನುಷ್ಯ. ಕಚೇರಿಗೆ ಬೀಗ ಬಿದ್ದ ಮೇಲೂ ಆ ಅಧಿಕಾರ ಅವರ ಮೈಬಿಟ್ಟು ಹೋಗುತ್ತಿರಲಿಲ್ಲ. ಹಲ್ಲುನೋವಿರಲಿ, ಹೆರಿಗೆಯಿರಲಿ, ಸೋರುವ ನಲ್ಲಿಯಿರಲಿ, ಅವರದೊಂದು ತೀರ್ಪು ಸಿದ್ಧವಾಗಿರುತ್ತಿತ್ತು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ನಿಂತವಳು. ಅವರ ಲೆಕ್ಕದಲ್ಲಿ ಡಬ್ಬ ಎತ್ತಿಕೊಡುವವಳು.

ಅಕ್ಕ ನೆಲಮಾಳಿಗೆಯ ಹೊಲಿಗೆ ಕಾರ್ಖಾನೆಯಲ್ಲಿ ಕೋಟುಗಳಿಗೆ ಒಳಪದರದ ಬಟ್ಟೆ ಕೂರಿಸುತ್ತಾಳೆ. ಬೆಳಗ್ಗೆ ಇಳಿದುಹೋದರೆ ಹೊತ್ತು ಮುಳುಗಿದ ಮೇಲೆಯೇ ಹತ್ತಿಬರುವುದು. ಕಳೆದ ವರ್ಷ ಅವಳ ಸೊಂಟ, ತೊಡೆ ನೋಯತೊಡಗಿ, ಕುರ್ಚಿಯಿಂದ ಏಳಲು ಮೇಜು ಹಿಡಿಯುವಂತಾಯಿತು. ರಕ್ತಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಒಂಬತ್ತಕ್ಕೆ ಇಳಿದಿತ್ತು. ಇಪ್ಪತ್ತಾದರೂ ಇರಬೇಕು. ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು: ಅರವತ್ತು ಸಾವಿರ ಯೂನಿಟ್ಟಿನ ಗುಳಿಗೆ, ವಾರಕ್ಕೊಂದು, ಎಂಟು ವಾರ, ಊಟದ ಜೊತೆ.

ಭಾವ ಚೀಟಿಯನ್ನು ಸೀಲು ಒಡೆದ ತಕ್ಕಡಿಯಂತೆ ತಿರುಗಿಸಿ ನೋಡಿದರು.

"ಊಟದ ಜೊತೆ ತಗೊಂಡ್ರೆ ಊಟದಲ್ಲೇ ಕಳೆದುಹೋಗುತ್ತೆ. ಬೆಳಗ್ಗೆ ಎದ್ದ ತಕ್ಷಣ ಬರೀ ಹೊಟ್ಟೆಗೆ ತಗೋ, ನೆಟ್ಟಗೆ ರಕ್ತ ಸೇರುತ್ತೆ" ಎಂದು ಅಕ್ಕನಿಗೆ ಅಪ್ಪಣೆಯಾಯಿತು. ಹೃದಯಕ್ಕೆ ಒಳ್ಳೆಯದೆಂದು ಎಣ್ಣೆ ಬೆಣ್ಣೆಗಳನ್ನು ಅವರು ಆಗಲೇ ಮನೆಯಿಂದ ಗಡೀಪಾರು ಮಾಡಿದ್ದರು. ಅಕ್ಕ ಎದುರಾಡಲಿಲ್ಲ. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಶಾಂತಿ ಉಳಿದಿದ್ದೇ ಹಾಗೆ.

ಅಷ್ಟಕ್ಕೇ ನಿಂತಿದ್ದರೆ ಅವರು ನನ್ನ ಭಾವ ಆಗುತ್ತಿರಲಿಲ್ಲ. ತಮಗೂ ಆಯಾಸವೆಂದು, ಪರೀಕ್ಷೆಯ ಗೊಡವೆಯಿಲ್ಲದೆ, ಬೇರೆ ಅಂಗಡಿಯಿಂದ ಅದೇ ಗುಳಿಗೆ ತರಿಸಿ ದಿನಕ್ಕೊಂದು ನುಂಗತೊಡಗಿದರು. ಮೇಲೊಂದು ಕ್ಯಾಲ್ಸಿಯಂ ಮಾತ್ರೆ. ನನಗೆ ತಿಳಿದದ್ದು ಎರಡು ತಿಂಗಳು ಕಳೆದ ಮೇಲೆ, ಅವರ ಮೇಜಿನ ಮೇಲೆ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳ ಕಂತೆ ಕಂಡಾಗ.

"ಭಾವ, ಇದು ವಾರಕ್ಕೊಂದು ತಗೊಳ್ಳೋದು. ಅದೂ ಡಾಕ್ಟರ್ ಹೇಳಿದ್ರೆ ಮಾತ್ರ."

"ವಾರಕ್ಕೊಂದು ಹೆಂಗಸರ ಮೈಗೆ. ನಂದು ಓಡಾಡೋ ಕೆಲಸ."

"ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗಲ್ಲ ಭಾವ. ಕೊಬ್ಬಲ್ಲಿ ಕೂತ್ಕೊಳ್ಳುತ್ತೆ."

"ಡಬ್ಬ ಎತ್ತಿಕೊಡೋದೇ ಬೇರೆ, ವಿದ್ಯೆಯೇ ಬೇರೆ" ಎಂದು ನಕ್ಕು ಪತ್ರಿಕೆ ಬಿಡಿಸಿದರು.

ಅದೇ ವಾರ ಅಕ್ಕನ ಎರಡನೆಯ ಪರೀಕ್ಷೆ. ಒಂಬತ್ತಿದ್ದದ್ದು ಹದಿಮೂರಕ್ಕೆ ಬಂದು ಕುಂಟುತ್ತಿತ್ತು. ನಾನೂ ಜೊತೆಗಿದ್ದೆ. ಹೇಗೆ ತಗೊಳ್ತಿದ್ದೀರಿ ಎಂದು ಡಾಕ್ಟರಮ್ಮ ಕೇಳಿದಾಗ ಅಕ್ಕ ತಲೆ ತಗ್ಗಿಸಿ ಹೇಳಿದಳು.

"ಬರೀ ಹೊಟ್ಟೇಲಿ ತಗೊಂಡ್ರೆ ಅರ್ಧಂಬರ್ಧ ಹಿಡಿಯುತ್ತೆ ಅಷ್ಟೇ. ಇದಕ್ಕೆ ಜಿಡ್ಡು ಬೇಕಮ್ಮ. ಇನ್ನೂ ಎಂಟು ವಾರ, ವಾರಕ್ಕೊಂದೇ, ದಿನದ ದೊಡ್ಡ ಊಟ ಯಾವುದೋ ಅದರ ಜೊತೆ ತಗೊಳ್ಳಿ. ಒಂದು ಮೊಟ್ಟೆಯೋ, ಸ್ವಲ್ಪ ಎಣ್ಣೆ ಹಾಕಿದ ಪಲ್ಯವೋ ಇರಲಿ."

ಮರುದಿನದಿಂದ ಅಕ್ಕ ಅಡುಗೆಗೆ ಎಣ್ಣೆ ಹಾಕಿದಳು. ಭಾವ ತಟ್ಟೆ ದೂಡಿದರು. "ಬೇಡದಿದ್ರೆ ಬಿಡಿ" ಎಂದು ಅವಳು ತನ್ನ ಪಾಡಿಗೆ ಉಂಡಳು.

ಭಾವ ತಟ್ಟೆ ದೂಡಿದ್ದು ಕೋಪಕ್ಕೆ ಮಾತ್ರವಲ್ಲವೆಂದು ಆಮೇಲೆ ಗೊತ್ತಾಯಿತು. ಅವರಿಗೆ ಊಟವೇ ಸೇರುತ್ತಿರಲಿಲ್ಲ. ಕೊಡಗಟ್ಟಲೆ ನೀರು, ಗಳಿಗೆಗೊಮ್ಮೆ ಬಚ್ಚಲು, ಮೂರು ದಿನಕ್ಕೂ ಆಗದ ಮಲವಿಸರ್ಜನೆ. ಇದೆಲ್ಲ ವಿಷ ಹೊರಗೆ ಹೋಗುವ ಲಕ್ಷಣವೆಂದು ಅವರೇ ವ್ಯಾಖ್ಯಾನ ಕೊಟ್ಟುಕೊಂಡರು. ಗುಳಿಗೆ ನಿಲ್ಲಲಿಲ್ಲ. ನಾಲ್ಕನೆಯ ತಿಂಗಳು ದಿನಸಿ ಅಂಗಡಿಯೊಂದಕ್ಕೆ ತಪಾಸಣೆಗೆ ಹೋದವರು ತಾವೇ ತಂದ ಒಂದು ಕಿಲೋ ತೂಕದ ಬಟ್ಟನ್ನು ತಕ್ಕಡಿಗಿಟ್ಟು, ತಕ್ಕಡಿ ಸರಿಯಾಗಿ ಒಂದು ಕಿಲೋ ತೋರಿಸಿದರೂ "ಕಮ್ಮಿ ತೂಗ್ತಿದೆ" ಎಂದು ಹಟ ಹಿಡಿದರು. ಅಂಗಡಿಯವನು ಮೂರು ಸಲ ತೂಗಿ ತೋರಿಸಿದ. ಸಾಹೇಬರು ಅವನ ಆಲೂಗಡ್ಡೆ ಬುಟ್ಟಿಗೆ ವಾಂತಿ ಮಾಡಿಕೊಂಡು ಅಲ್ಲೇ ಕುಸಿದರು. ಆಸ್ಪತ್ರೆಗೆ ಹೊತ್ತೊಯ್ದವನೂ ಅವನೇ.

ವಿಟಮಿನ್ ಡಿ ಮಿತಿಮೀರಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ತಲೆ ಮಂಕಾಗಿತ್ತು, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು. ವಾರವಿಡೀ ರಕ್ತನಾಳಕ್ಕೆ ಸಲೈನ್ ಇಳಿಸಿದರು. ಎಷ್ಟು ತಗೊಳ್ತಿದ್ರಿ, ಯಾರು ಬರೆದುಕೊಟ್ಟಿದ್ದು ಎಂದು ಅಲ್ಲಿನ ಡಾಕ್ಟರು ಕೇಳಿದರು. ಭಾವ ನನ್ನ ಕಡೆ ಕೈ ತೋರಿಸಿದರು. "ಇವಳು ಔಷಧಿ ಅಂಗಡೀಲಿರೋದು."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು.

"ಸುಳ್ಳು ಡಾಕ್ಟ್ರೇ. ಅವಳು ಬೇಡ ಅಂದಿದ್ಲು. ಇವರು ಯಾರ ಮಾತೂ ಕೇಳಲ್ಲ. ದಿನಕ್ಕೊಂದು ಅರವತ್ತು ಸಾವಿರ, ನಾಲ್ಕು ತಿಂಗಳು, ತಾವೇ ತರಿಸಿಕೊಂಡು ನುಂಗಿದ್ದಾರೆ. ಬರ್ಕೊಳ್ಳಿ."

ಭಾವ ಗೋಡೆ ಕಡೆ ಹೊರಳಿದರು. ನನಗೆ ಪಾಪ ಅನಿಸಬೇಕಿತ್ತು, ಅನಿಸಲಿಲ್ಲ.

ಮೈಯಲ್ಲಿ ಕೂತದ್ದು ಇಳಿಯಲು ತಿಂಗಳುಗಳೇ ಹಿಡಿದವು. ಮೂತ್ರಪಿಂಡ ಬಹುಮಟ್ಟಿಗೆ ಸುಧಾರಿಸಿತು, ಪೂರ್ತಿ ಅಲ್ಲ. ಈಗ ಅವರು ಕಂಡಕಂಡವರಿಗೆಲ್ಲ ವಿಟಮಿನ್ನು ಎನ್ನುವುದೇ ಕಂಪನಿಗಳ ಮೋಸ, ಯಾರೂ ಮುಟ್ಟಬಾರದು ಎಂದು ಉಪದೇಶಿಸುತ್ತಾರೆ. ದನಿಯ ಗತ್ತು ಒಂದಿಷ್ಟೂ ತಗ್ಗಿಲ್ಲ.

ಅಕ್ಕನದು ಮೂವತ್ತೆರಡಕ್ಕೆ ಬಂತು. ಡಾಕ್ಟರಮ್ಮ ವಾರದ ಗುಳಿಗೆ ನಿಲ್ಲಿಸಿ ದಿನಕ್ಕೊಂದು ಸಾವಿರ ಯೂನಿಟ್ಟಿನ ಸಣ್ಣ ಮಾತ್ರೆ ಕೊಟ್ಟಿದ್ದಾರೆ. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವಳು ಮೊನ್ನೆ, "ನೀನು ತಗೊಳ್ಳೋದೇ ನಂಗೂ ಹೇಳೇ, ಮೈಕೈ ನೋವು" ಎಂದಳಂತೆ.

"ನಂದು ನನ್ನ ರಕ್ತ ನೋಡಿ ಕೊಟ್ಟಿದ್ದು. ನಿಂದು ತೋರಿಸ್ಕೊಂಡು ಬಾ, ನಾಳೆ ನಾನೂ ಬರ್ತೀನಿ" ಎಂದ ಅಕ್ಕ ಮರುದಿನ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು.