ಬಾರಿಸಿ ಕೊಟ್ಟ ಕಲ್ಲು

ಮೊದಲು ನೆನಪಾಗುವುದು ದಾರದಲ್ಲಿ ತೂಗುವ ಒಂದು ಕಲ್ಲು. ತೆಳ್ಳಗೆ, ದುಂಡಗೆ, ನಸುಗೆಂಪು ಬಣ್ಣದ ಸಾಣೆಕಲ್ಲು. ನಡುವಿನ ತೂತಿನಲ್ಲಿ ದಾರ ಪೋಣಿಸಿ, ಅದರ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಸ್ಕ್ರೂಡ್ರೈವರಿನ ಮರದ ಹಿಡಿಕೆಯಿಂದ ಕಲ್ಲಿನ ಮೈಗೆ ಮೆಲ್ಲಗೆ ತಟ್ಟುವುದು ನಮ್ಮಲ್ಲಿ ರೂಢಿ. ಕಲ್ಲು ಗಟ್ಟಿಯಾಗಿದ್ದರೆ ಟಿಣ್ ಎಂಬ ದನಿ ಹೊರಟು, ಎಳೆಯಾಗಿ ಉದ್ದಕ್ಕೆ ಹೋಗಿ ಬಿಸಿಲಿನಲ್ಲಿ ಕರಗುತ್ತಿತ್ತು. ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದ್ದರೆ ದಬ್ ಎಂದು ಹುಟ್ಟಿದಲ್ಲೇ ಸಾಯುತ್ತಿತ್ತು. ಅಂಥ ಕಲ್ಲನ್ನು ಸಾಣೆ ಹಿಡಿಯುವ ಚಕ್ರಕ್ಕೆ ಹಾಕಿ ತಿರುಗಿಸಿದರೆ ಅದು ಚೂರು ಚೂರಾಗಿ ಮುಖಕ್ಕೇ ಸಿಡಿಯುತ್ತದೆ. ಆದ್ದರಿಂದ ಬಾರಿಸಿ ಕೇಳದೆ ಯಾರೂ ಕಲ್ಲು ಒಯ್ಯುತ್ತಿರಲಿಲ್ಲ.

ಪದವಿ ಮುಗಿಸಿ, ಮುಂದೇನೆಂದು ತಿಳಿಯದೆ, ನಾನು ಸೋದರಮಾವ ರಾಚಪ್ಪನವರ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೂರುತ್ತಿದ್ದ ಕಾಲವದು. ಕಾಡಿನ ಅಂಚಿನ ಊರು. ಒಂದು ಬದಿಗೆ ದಿಮ್ಮಿಗಳನ್ನು ಪೇರಿಸಿಟ್ಟ ಕಟ್ಟಿಗೆ ಡಿಪೊ, ಅದರ ಎದುರು ನಮ್ಮ ಅಂಗಡಿ. ಹಗಲೆಲ್ಲ ದೂರದಲ್ಲಿ ಮರ ಕೊಯ್ಯುವ ಮಷಿನ್ನುಗಳ ಮೊರೆತ. ನನಗೆ ಆ ಮೊರೆತದ ನಡುವೆ ಬಿಡುವಾಗುವ ಗಳಿಗೆಗಳು ಇಷ್ಟವಾಗುತ್ತಿದ್ದವು. ಯಾರಾದರೂ ಎರಡು ಮಾತು ಕೇಳಿದರೆ ಅರ್ಧ ಮಾತಿನಲ್ಲಿ ಉತ್ತರಿಸುತ್ತಿದ್ದೆ. ಮೌನದಲ್ಲಿ ಏನೋ ದೊಡ್ಡದಿದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ಅದು ಸುಳ್ಳೆಂದು ಈಗಲೂ ಹೇಳಲಾರೆ.

ಆ ಮಷಿನ್ನುಗಳಲ್ಲಿ ಗರಗಸದಂತೆ ಓಡುವ ಹಲ್ಲಿನ ಸರಪಳಿಗೆ ಸಾಣೆ ಹಿಡಿಯುವವರು ಮೌಲಾಸಾಬರು. ಡಿಪೊ ಗೋಡೆಗೆ ಒತ್ತಿಕೊಂಡಂತೆ ಅವರ ತಗಡಿನ ಚಪ್ಪರ. ಸರಪಳಿಯ ಒಂದೊಂದು ಹಲ್ಲನ್ನೂ ದುಂಡನೆಯ ಅರದಿಂದ ಉಜ್ಜಿ ಉಜ್ಜಿ ಅವರ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಕೊಡಲಿ, ಕುಡುಗೋಲುಗಳಿಗಾಗಿ ಕೈಯಿಂದ ತಿರುಗಿಸುವ ಒಂದು ಸಾಣೆಚಕ್ರವೂ ಅವರಲ್ಲಿತ್ತು. ಅದರ ಕಲ್ಲಿಗೆಂದು ಅಂಗಡಿಗೆ ಬರುವಾಗ ಹೆಂಡತಿ ಹುಸೇನಬಿಯನ್ನು ಬಿಟ್ಟು ಬಂದವರಲ್ಲ. ಅವರು ಕಲ್ಲು ಬಾರಿಸುವುದು, ಈಕೆ ಮಾತಾಡುವುದು. ಮಗಳ ಅತ್ತೆಯ ಗೊಣಗಾಟ, ಹುಂಜ ಪಕ್ಕದ ಮನೆಗೆ ಹೋಗಿ ಕೂತದ್ದು, ಮಾವನ ಎಲೆಗೆ ಸುಣ್ಣ ಹೆಚ್ಚಾದದ್ದು, ಎಲ್ಲವೂ ಒಂದೇ ಉಸಿರಿನಲ್ಲಿ. ನನ್ನನ್ನಂತೂ ಬಿಡುತ್ತಿರಲಿಲ್ಲ.

"ಏನ್ರೀ ಸಾವ್ಕಾರ್ರ, ನಿಮ್ಮ ಅಳಿಯಾಗ ಕಾಲೇಜಿನ್ಯಾಗ ಬಾಯಿಗೆ ಬೀಗಾ ಹಾಕಿ ಕಳಿಸ್ಯಾರೇನು? ಕೀಲಿ ಎಲ್ಲಿ ಇಟ್ಟಾರ ಕೇಳ್ರಿ."

"ಕೀಲಿ ಸಿಕ್ಕಿದ್ರ ನಿನ್ನ ಬಾಯಿಗೆ ಹಾಕ್ತಿದ್ವಿ ಬಿಡು," ಎಂದು ಮಾವ ಎಲೆ ಜಗಿಯುತ್ತಲೇ ನಗುತ್ತಿದ್ದರು. ಮಾವನ ಬಾಯಿ ಜಗಿಯದೆ ಇದ್ದದ್ದನ್ನು ನಾನು ಕಂಡಿದ್ದು ಅವರು ನಿದ್ದೆ ಮಾಡುವಾಗ ಮಾತ್ರ.

ಆ ವರ್ಷ ಕಾಡಿನಲ್ಲಿ ಕೆಲಸ ಹೆಚ್ಚಿತು. ಡಿಪೊದ ಬಸ್ತ್ಯಾಂವ ಮೇಸ್ತ್ರಿ ಮೌಲಾಸಾಬರಿಗೆ ಒಂದು ಮಾತು ಹೇಳಿ ಕಳಿಸಿದ್ದರು. ಅರದಿಂದ ಉಜ್ಜುತ್ತ ಕೂತರೆ ಇನ್ನು ಆಗದು. ಸಾಣೆ ಮಷಿನ್ನು ತಂದು ಹಾಕಿದರೆ ಡಿಪೊದ ಸರಪಳಿಗಳೆಲ್ಲ ಅವರಿಗೇ, ಇಲ್ಲದಿದ್ದರೆ ಅವು ಪೇಟೆಯ ವರ್ಕ್‌ಶಾಪಿಗೆ. ಸಾಬರ ಬದುಕು ನಿಂತಿದ್ದು ಆ ಸರಪಳಿಗಳ ಮೇಲೆಯೇ. ಗಂಡ ಹೆಂಡತಿ ಮರುದಿನವೇ ಅಂಗಡಿಗೆ ಬಂದರು.

ನಮ್ಮಲ್ಲಿ ಎರಡು ಬಗೆಯ ಮಷಿನ್ನುಗಳಿದ್ದವು. ಒಂದು ಹಗುರ, ನೋಡಲು ಚೆಂದ. ಇನ್ನೊಂದು ಬೀಡುಕಬ್ಬಿಣದ್ದು, ಎತ್ತಲು ಇಬ್ಬರು ಬೇಕು. ಸಾಬರು ಚೆಂದದ ಮಷಿನ್ನಿನ ಕೈಯನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ಎರಡು ಬೆರಳಿನಿಂದ ಅಡ್ಡಕ್ಕೆ ನೂಕಿದರು. ಅದು ಕೂದಲೆಳೆಯಷ್ಟು ಅಲುಗಿತು.

"ಇದು ಬ್ಯಾಡ," ಎಂದರು. "ಕೈ ಅಲುಗಿದ್ರ ಒಂದೊಂದು ಹಲ್ಲು ಒಂದೊಂದು ಕಡೆ ಮುಖಾ ಮಾಡ್ತಾವ. ಕೊಯ್ಯಾಕ ಹೋದ್ರ ಗರಗಸಾ ಸೊಟ್ಟ ನಡೀತೈತಿ."

"ನಿಮ್ಮ ತಮ್ಮನ ಮಕ್ಕಳ ಹಂಗ," ಎಂದಳು ಹುಸೇನಬಿ.

ಭಾರದ ಮಷಿನ್ನೇ ನಿಶ್ಚಯವಾಯಿತು. ಮುಂದಿನದು ಕಲ್ಲಿನ ಮಾತು. ಬೂದು ಕಲ್ಲು ಗಟ್ಟಿ, ಬಹಳ ದಿನ ಬಾಳುತ್ತದೆ ಎಂದು ಮಾವ ಹೊಗಳಿದರು. ಸಾಬರು ಒಪ್ಪಲಿಲ್ಲ. ಗಟ್ಟಿ ಕಲ್ಲು ತಾನು ಸವೆಯದೆ ಹಲ್ಲನ್ನು ಸುಡುತ್ತದೆ. ಹಲ್ಲಿನ ತುದಿ ನೀಲಿ ತಿರುಗಿದರೆ ಮತ್ತೆ ಅರವೂ ಹತ್ತುವುದಿಲ್ಲ. ನಸುಗೆಂಪಿನದು ಮೆತ್ತಗೆ, ತಾನು ಉದುರುತ್ತ ಉದುರುತ್ತ ಹಲ್ಲನ್ನು ತಂಪಾಗಿ ಉಳಿಸುತ್ತದೆ. ಆದರೆ ಡಿಪೊದ ದೊಡ್ಡ ಸರಪಳಿಗೆ ಹೊಂದುವ ದಪ್ಪದ ಕಲ್ಲು ಆ ಹೊತ್ತಿಗೆ ಮುಗಿದಿತ್ತು. ಪಾರ್ಸಲ್ಲು ಬರುವತನಕ ಕಾಯಬೇಕೆಂದಾಯಿತು. ಸಣ್ಣ ಸರಪಳಿಗಾಗಿ ತೆಳು ಕಲ್ಲುಗಳನ್ನು ಆರಿಸಲು ಅವರು ದಾರ ಹಿಡಿದು ನಿಂತರು. ಕಲ್ಲು ತೂಗಿತು, ಟಿಣ್ ಎಂದಿತು. ಹುಸೇನಬಿ ಹುಂಜದ ಕತೆ ಹೇಳುತ್ತಲೇ ಇದ್ದಳು. ಇನ್ನೊಂದು ತೂಗಿತು, ದಬ್ ಎಂದಿತು. ಅವಳು ಸೆರಗು ಸರಿಪಡಿಸಿಕೊಳ್ಳಲು ಒಂದು ಗಳಿಗೆ ಸುಮ್ಮನಾದಳು. ಸಾಬರು ಆ ಕಲ್ಲನ್ನು ಬದಿಗಿಟ್ಟರು. ನಾನು ಅದನ್ನು ನೋಡಿದೆ, ಆದರೆ ಅದರ ಅರ್ಥ ಕಾಣಲಿಲ್ಲ.

ಪಾರ್ಸಲ್ಲು ಬಂದಾಗ ಹುಸೇನಬಿ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದಳು. ಮಷಿನ್ನು ಚಪ್ಪರದಲ್ಲಿ ಕೂತಾಗಿತ್ತು. ಅಂದು ಮಧ್ಯಾಹ್ನ ಬಸ್ತ್ಯಾಂವ ಮೇಸ್ತ್ರಿ ಬಂದು ಮೊದಲ ಸರಪಳಿ ಸಾಣೆಯಾಗುವುದನ್ನು ನೋಡಿ ತೀರ್ಮಾನ ಹೇಳುವವರಿದ್ದರು. ಸಾಬರು ಒಬ್ಬರೇ ಬಂದು, ಹೊಸ ಕಲ್ಲುಗಳಲ್ಲಿ ಒಂದನ್ನು ದಾರಕ್ಕೆ ಕಟ್ಟಿ ಬಾರಿಸಿದರು.

ದಬ್ ಎಂದಿತು.

ಸಾಬರು ಮಾವನ ಮುಖವನ್ನೇ ನೋಡುತ್ತಿದ್ದರು. ಮಾವ ಲೆಕ್ಕ ಕೂಡಿಸುತ್ತ ಎಲೆ ಜಗಿಯುತ್ತಿದ್ದರು. "ಇದ ಇರ್ಲಿ," ಎಂದು ಸಾಬರು ಆ ಕಲ್ಲನ್ನೇ ಕಾಗದದಲ್ಲಿ ಸುತ್ತಿಕೊಂಡು ಹೊರಟುಹೋದರು.

ನನಗೆ ಗೊಂದಲವಾಯಿತು. ನನ್ನ ಕಿವಿಯದೇ ತಪ್ಪಿರಬೇಕು, ಇಷ್ಟು ವರ್ಷ ಕಲ್ಲಿನ ಜೊತೆ ಬಾಳಿದವರು ತಪ್ಪುವುದುಂಟೇ ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ಅದೇ ಪೆಟ್ಟಿಗೆಯಿಂದ ಇನ್ನೊಂದು ಕಲ್ಲು ತೆಗೆದು ಬಾರಿಸಿದೆ. ಟಿಣ್ ಎಂದು ಅಂಗಡಿಯ ತುಂಬ ಹರಿಯಿತು. ಮಾವ ತಲೆಯೆತ್ತದೆ ಜಗಿಯುತ್ತಲೇ ಇದ್ದರು. ಆ ಚಲಿಸುವ ತುಟಿಗಳನ್ನು ನೋಡುತ್ತಿದ್ದಂತೆ ನನಗೆ ಹುಸೇನಬಿಯ ತುಟಿಗಳು ಕಣ್ಣಿಗೆ ಕಟ್ಟಿದವು. ಸೆರಗಿನ ನೆಪದಲ್ಲಿ ಅವಳು ಸುಮ್ಮನಾದ ಗಳಿಗೆ, ಬದಿಗೆ ಸರಿದ ಕಲ್ಲು. ಹಿಂದಿನ ಎಷ್ಟೋ ಸಲಗಳು ಒಂದರ ಹಿಂದೊಂದು ಬಂದು ನಿಂತವು. ಅವಳು ಮಾತಾಡುತ್ತಿದ್ದರೆ ಕಲ್ಲು ಒಳ್ಳೆಯದು. ಮಾತು ನಿಂತರೆ ಕೆಟ್ಟದ್ದು. ಮೌಲಾಸಾಬರ ಕಿವಿಗೆ ಆ ತೆಳು ನಾದ ಎಂದೋ ಕೇಳಿಸದಾಗಿತ್ತು. ಎದುರು ನಿಂತು ಆಡಿದ ದಪ್ಪ ಮಾತು ಕೇಳುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಇವತ್ತು ಹೆಂಡತಿಯ ಬಾಯಿಯಿರಲಿಲ್ಲ. ಅವರು ಮಾವನ ಬಾಯಿ ನೋಡಿದ್ದರು. ಜಗಿಯುವ ಬಾಯಿ ಯಾವ ಕಲ್ಲಿಗೂ ಬೇಡವೆನ್ನುವುದಿಲ್ಲ.

ಒಳ್ಳೆಯ ಕಲ್ಲನ್ನು ಹಿಡಿದು ನಾನು ಓಡಿದೆ.

ಚಪ್ಪರ ತಲುಪಿದಾಗ ಬಸ್ತ್ಯಾಂವ ಮೇಸ್ತ್ರಿ ದಿಮ್ಮಿಯ ಮೇಲೆ ಕೂತಿದ್ದರು. ಕಾಡಿನ ಕೆಲಸದಲ್ಲೇ ಹಣ್ಣಾದ ಮನುಷ್ಯ, ಭಾನುವಾರದ ಇಗರ್ಜಿ ಪೂಜೆ ತಪ್ಪಿಸದ ಕ್ರೈಸ್ತರು. ಮರ ಬೀಳುವ ಮೊದಲಿನ ಸಣ್ಣ ಚಟಕ್ ಎಂಬ ಸದ್ದನ್ನು ಕೇಳಿ ಆಳುಗಳನ್ನು ಕೂಗಿ ಸರಿಸುವವರು ಅವರೇ ಎಂದು ಹೆಸರು. ಕಲ್ಲು ಮಷಿನ್ನಿಗೆ ಏರಿತ್ತು, ಸಾಬರ ಕೈ ಸ್ವಿಚ್ಚಿನ ಮೇಲಿತ್ತು. ನಾನು ಆ ಕೈಯನ್ನೇ ಹಿಡಿದುಕೊಂಡೆ.

ಹಿಡಿದ ಮೇಲೆ ಏನು ಹೇಳುವುದೆಂದು ಹೊಳೆಯಲಿಲ್ಲ. ಕಿವುಡನ ಗುಟ್ಟಿನ ಕಷ್ಟವೇ ಅದು: ಅವನಿಗೆ ಕೇಳುವಂತೆ ಹೇಳಬೇಕಾದರೆ ಊರಿಗೇ ಕೇಳುವಂತೆ ಕೂಗಬೇಕು. ಕಿವಿಯಿಲ್ಲದವನ ಕೈಗೆ ಮೇಸ್ತ್ರಿ ಸರಪಳಿ ಕೊಡುವರೇ? ಕೂಗದಿದ್ದರೆ ಈ ಕಲ್ಲು ತಿರುಗುತ್ತದೆ.

"ತಡೀರಿ ಕಾಕಾ," ಎಂದೆ. "ಹೊಸಾ ಮಷಿನ್ನಿಗೆ ಮೊದಲ್ನೇ ಕಲ್ಲು ಅಂಗಡಿಯವ್ರ ಬಂದು ಬಾರಿಸಿ ಕೊಡಬೇಕ್ರಿ. ಹಂಗ ಪದ್ಧತಿ ಐತಿ."

"ಯಾವಾಗಿಂದ ಬಂತೋ ಆ ಪದ್ಧತಿ?" ಎಂದರು ಮೇಸ್ತ್ರಿ.

"ಇವತ್ತಿಂದ್ರಿ."

ಮೇಸ್ತ್ರಿ ನಕ್ಕರು. ನಾನು ಕಲ್ಲನ್ನು ಬಿಚ್ಚಿ, ದಾರಕ್ಕೆ ಕಟ್ಟಿ, ಸಾಬರಿಗೆ ಎದುರಾಗಿ ನಿಂತೆ. ಆಮೇಲೆ ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದೆ. ಮಾತಾಡತೊಡಗಿದೆ.

"ನಮ್ಮ ಅಂಗಡ್ಯಾಗ ಬೆಕ್ಕು ಮರಿ ಹಾಕೇತ್ರಿ ಕಾಕಾ. ಮೊಳಿ ಚೀಲದ ಹಿಂದ. ಎರಡು ಬಿಳೇವು, ಎರಡು ಪಟ್ಟಾಪಟ್ಟಿ. ಮಾವಾರು ಅದಕ್ಕ ಬೈದರು. ಅದು ಮಾವಾರ ಎಲಿ ಚಂಚಿ ಮ್ಯಾಲೆ ಹೋಗಿ ಮಲಗೇತಿ. ಹುಸೇನಬೀ ಅವ್ವಾರು ಇದ್ದಿದ್ರ..."

ಆ ಹೆಸರು ಬಂದಾಗ ಸಾಬರ ಕಣ್ಣು ನನ್ನ ತುಟಿಗಳ ಮೇಲೆ ನಿಂತಿತು. ನಾನು ಕಲ್ಲು ಬಾರಿಸಿದೆ. ದಬ್ ಎಂದಿತು. ನಾನು ಮಾತಿನ ನಡುವೆಯೇ ಬಾಯಿ ಮುಚ್ಚಿದೆ.

ಅಷ್ಟು ವರ್ಷ ನಾನು ಕಾಪಾಡಿಕೊಂಡಿದ್ದ ಮೌನಗಳಲ್ಲಿ ಯಾವುದೂ ಯಾರಿಗೂ ಏನನ್ನೂ ಹೇಳಿರಲಿಲ್ಲ. ಇದು ಹೇಳಿತು. ಸಾಬರ ಮುಖದ ಬಣ್ಣ ಇಳಿಯಿತು.

ಹಿಂದಿನಿಂದ ಮೇಸ್ತ್ರಿಯ ದನಿ ಬಂತು. "ಭೇಷ್. ಇಗರ್ಜಿ ಗಂಟಿ ಆಗೇತಿ ನೋಡು. ಹಾಕು ಮಷಿನ್ನಿಗೆ."

ನಾನು ತಿರುಗಿ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ತಂದಿದ್ದ ಒಳ್ಳೆಯ ಕಲ್ಲನ್ನು ದಾರಕ್ಕೆ ಕಟ್ಟಿದೆ. ಬೆಕ್ಕಿನ ಕತೆ ಮುಂದುವರಿಸುತ್ತಲೇ ಬಾರಿಸಿದೆ, ನಾದ ಚಪ್ಪರದ ತಗಡಿಗೆ ಮುಟ್ಟಿ ಮರಳಿತು, ನಾನು ಮಾತು ನಿಲ್ಲಿಸಲಿಲ್ಲ. ಮೇಸ್ತ್ರಿ ಸಾಬರ ಮುಖವನ್ನೊಮ್ಮೆ ನೋಡಿ, "ಇದೂ ಹಂಗ ಐತಲ್ಲ," ಎಂದರು.

ಮೌಲಾಸಾಬರು ಒಮ್ಮೆ ನನ್ನನ್ನು, ಒಮ್ಮೆ ಮೇಸ್ತ್ರಿಯನ್ನು ನೋಡಿದರು. ಆಮೇಲೆ ಮೊದಲಿನ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಸಣ್ಣದೊಂದು ಏಟು ಹಾಕಿದರು. ಅದು ಹಪ್ಪಳದಂತೆ ಎರಡಾಯಿತು. ಮುರಿದ ಅಂಚಿನಲ್ಲಿ ಅರ್ಧಭಾಗ ಹೊಸ ಬಣ್ಣ, ಅರ್ಧಭಾಗ ದೂಳು ಕೂತ ಹಳೆಯ ಬಿರುಕು. ಅವರು ಆ ಹೋಳನ್ನು ಮೇಸ್ತ್ರಿಯ ಕೈಗೆ ಕೊಟ್ಟರು.

"ಬಸ್ತ್ಯಾಂವಣ್ಣ, ಇಗರ್ಜಿ ಗಂಟಿ ಅಂದಿ."

ಮೇಸ್ತ್ರಿ ಹೋಳನ್ನು ತಿರುಗಿಸಿ ನೋಡಿ, ಬಿರುಕಿನ ದೂಳನ್ನು ಉಗುರಿನಿಂದ ಕೆರೆದರು. "ನಿನಗ ಕೇಳಿಸ್ತೇನು?" ಎಂದರು ಕೊನೆಗೆ.

"ಇಲ್ಲ."

"ಎಷ್ಟು ದಿನಾತು?"

"ಹುಸೇನಬೀಗೇ ಗೊತ್ತು. ನಿಂದು?"

ಮೇಸ್ತ್ರಿ ಹೋಳನ್ನು ದಿಮ್ಮಿಯ ಮೇಲಿಟ್ಟರು. ಡಿಪೊದಲ್ಲಿ ಯಾರೋ ಮಷಿನ್ನು ನಿಲ್ಲಿಸಿದರು. ಸುತ್ತಲೆಲ್ಲ ಒಮ್ಮೆಲೆ ನಿಶ್ಶಬ್ದವಾಯಿತು. ಅದು ಅವರಿಬ್ಬರಿಗೂ ತಿಳಿಯಲಿಲ್ಲ, ನನಗೆ ಮಾತ್ರ ತಿಳಿಯಿತು. ಆಮೇಲೆ ಮೇಸ್ತ್ರಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು.

"ನಾನು ನಿನ್ನ ಕಿವಿ ನಂಬಿ ಭೇಷ್ ಅನ್ನೂದು, ನೀನು ಇನ್ನೊಬ್ಬರ ಬಾಯಿ ನೋಡಿ ಕಲ್ಲು ಹಾಕೂದು. ಇಬ್ಬರೂ ಕೂಡೇ ಹೋಗ್ತಿದ್ವಿ ಮಾರಾಯಾ."

"ನಿಮ್ಮ ಕಡೆ ಸ್ವರ್ಗದಾಗ ಗಂಟಿ ಇರ್ತಾವಂತಲ್ಲ. ಅಲ್ಲ್ಯೂ ಕೇಳಸ್ತಿರಲಿಲ್ಲ ನಿನಗ," ಎಂದರು ಸಾಬರು.

ನಗು ಮುಗಿದ ಮೇಲೆ ಮೇಸ್ತ್ರಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭಯವಿತ್ತು. ಮರದ ಚಟಕ್ ಸದ್ದು ಕೇಳದ ಮೇಸ್ತ್ರಿಯನ್ನು ಡಿಪೊ ಇಟ್ಟುಕೊಳ್ಳುವುದಿಲ್ಲವೆಂದು ನನಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡದು, ಮರದ ಕೆಳಗೆ ನಿಲ್ಲುವ ಆಳುಗಳ ಜೀವ. ನಾನು ಅಂದು ಎರಡನೆಯ ಸಲ ಬಾಯಿಬಿಟ್ಟೆ.

"ಮೇಸ್ತ್ರಿ, ಕಾಕಾರ ಕಲ್ಲಿಗೆ ಒಬ್ಬರ ಕಿವಿ ಬೇಕಾತಲ್ರಿ. ನಿಮ್ಮ ಮರಕ್ಕೂ ಬೇಕ್ರಿ."

ಹೊಸ ಕಲ್ಲು ಏರಿಸಿ ಮಷಿನ್ನು ಹಾಕಿದಾಗ, ಸಾಬರು ಕಲ್ಲನ್ನು ಹಲ್ಲಿಗೆ ಮುಟ್ಟಿಸಿ ಬಿಡುತ್ತ, ಒತ್ತದೆ, ಮುಟ್ಟಿಸಿ ಬಿಡುತ್ತ ಒಂದು ಸುತ್ತು ಮುಗಿಸಿದರು. ಒಂದು ಹಲ್ಲೂ ನೀಲಿ ತಿರುಗಲಿಲ್ಲ. ಮೇಸ್ತ್ರಿ ಉಗುರಿನಿಂದ ಮೊನೆ ಮುಟ್ಟಿ ನೋಡಿ, "ನಾಳಿಂದ ಎಲ್ಲಾ ಇಲ್ಲೇ ಕಳಸ್ತೇನಿ," ಎಂದಷ್ಟೇ ಹೇಳಿ ಎದ್ದರು. ಆದರೆ ಅದೇ ವಾರದಿಂದ ಮರ ಬೀಳುವಲ್ಲೆಲ್ಲ ಕಿವಿ ಚುರುಕಾದ ಆಳೊಬ್ಬ ಕೆಂಪು ಬಟ್ಟೆ ಹಿಡಿದು ನಿಲ್ಲತೊಡಗಿದ. ಯಾಕೆಂದು ಕೇಳಿದವರಿಗೆ ಮೇಸ್ತ್ರಿ ತಮ್ಮ ಕಿವಿಯನ್ನು ಬೆರಳಿನಿಂದ ತೋರಿಸಿ ನಿಜ ಹೇಳಿದರಂತೆ. ಅವರ ಕೆಲಸ ಹೋಗಲಿಲ್ಲ. ಮಷಿನ್ನು ಹಿಡಿದ ಆಳುಗಳಲ್ಲಿ ಅರ್ಧ ಮಂದಿ ಅದನ್ನು ಕೇಳಿ, "ಆಂ?" ಎಂದು ಕಿವಿಗೆ ಕೈ ಹಚ್ಚಿದರಂತೆ.

ಹುಸೇನಬಿ ಬಾಣಂತನ ಮುಗಿಸಿ ಬಂದವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನ್ನ ಕೆಲಸಾ ಕಸಗೊಂಡ್ರಂತಲ್ಲ. ಬೆಕ್ಕಿನ ಕತಿ ಹೇಳಿದ್ರಂತ. ಎಷ್ಟು ಮರಿ?"

"ನಾಕು," ಎಂದೆ.

"ಬಣ್ಣಾ?"

ಹೇಳಿದೆ. ಅವಳು ಇನ್ನೊಂದು ಕೇಳಿದಳು, ಅದನ್ನೂ ಹೇಳಿದೆ. ಸಾಬರು ಗೋಡೆಗೆ ಒರಗಿ ನಮ್ಮಿಬ್ಬರ ತುಟಿಗಳನ್ನು ನೋಡುತ್ತ ನಿಂತಿದ್ದರು, ಎರಡು ದೀಪವಿರುವ ಮನೆಗೆ ಬಂದವರಂತೆ.

ಈಗ ಆ ಅಂಗಡಿ ನನ್ನದು. ಅಂದು ನಾನು ಹುಟ್ಟಿಸಿದ ಪದ್ಧತಿ ಊರಿನಲ್ಲಿ ಉಳಿದುಕೊಂಡಿದೆ. ಹೊಸ ಕಲ್ಲನ್ನು ಯಾರೂ ಒಬ್ಬರೇ ಬಾರಿಸುವುದಿಲ್ಲ. ಒಬ್ಬರು ತಟ್ಟುತ್ತಾರೆ, ಇನ್ನೊಬ್ಬರು ಎದುರು ನಿಂತು ಏನಾದರೂ ಮಾತಾಡುತ್ತಿರುತ್ತಾರೆ. ಯಾಕೆಂದು ಈಗಿನವರಿಗೆ ಗೊತ್ತಿಲ್ಲ. ನನ್ನ ಕಿವಿಯೂ ಮೊದಲಿನಂತಿಲ್ಲ. ನಿನ್ನೆ ಸಂಜೆ ಒಂದು ನಸುಗೆಂಪು ಕಲ್ಲನ್ನು ದಾರಕ್ಕೆ ಕಟ್ಟಿ ಬಾರಿಸಿದೆ. ಅದು ಬಾಗಿಲ ಬಿಸಿಲಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ನಾದದ ತುದಿ ನನಗೆ ಎಲ್ಲಿ ತಪ್ಪಿತೋ ತಿಳಿಯಲಿಲ್ಲ. ತಲೆಯೆತ್ತಿ ನೋಡಿದೆ. ಎದುರು ನಿಂತ ನನ್ನ ಹೆಂಡತಿ ಇನ್ನೂ ಮಾತಾಡುತ್ತಿದ್ದಳು.