ಕಿರುಗುಟ್ಟುವ ಬಾಗಿಲಿಗೆ ಸ್ತೋತ್ರ

ಆ ಮನೆಯಲ್ಲಿ ಯಾರೂ ಯಾರನ್ನೂ ನೇರವಾಗಿ ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಪರಲೋಕದ ಮೂಲಕವೇ ಸಾಗಬೇಕಿತ್ತು. ಸಂಜೆಯಾದರೆ ಬಡಗಿಯ ಸಂಸಾರ ಊಟದ ಮೇಜಿನ ಸುತ್ತ ಕಣ್ಣು ಮುಚ್ಚಿ ಕೂರುತ್ತಿತ್ತು; ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುವುದು ಪದ್ಧತಿ. ಪ್ರಾರ್ಥನೆಯ ನಡುವೆ ಬಾಯಿ ಹಾಕುವುದು ಪಾಪ. ಹಾಗಾಗಿ ಹೇಳುವವರು ಪೂರ್ತಿ ಹೇಳಬಹುದಿತ್ತು, ಕೇಳುವವರು ಪೂರ್ತಿ ಕೇಳಲೇಬೇಕಿತ್ತು. ಇಷ್ಟು ಅನುಕೂಲ ಬೇರೆ ಯಾವ ಜಗಳದಲ್ಲಿದೆ?

“ಕರ್ತನೇ,” ಎಂದು ಬಡಗಿಯ ಹೆಂಡತಿ ಶುರು ಮಾಡುತ್ತಿದ್ದಳು, “ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೆಯೋ ಈ ಹುಡುಗನನ್ನ ನೀನು ಕ್ಷಮಿಸು. ನಾನಂತೂ ಕ್ಷಮಿಸಲ್ಲ.”

ಹುಡುಗನೆಂದರೆ ಮೀಸೆ ಬಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಮಗ. ಒಮ್ಮೆ ಕೇಳಿದ ದನಿಯನ್ನು ಕೆಮ್ಮು ಸಮೇತ ತಿರುಗಿ ನುಡಿಸಬಲ್ಲವನಾದ್ದರಿಂದ ಮನೆಯಲ್ಲಿ ಅವನಿಗೆ ಟೇಪು ಎಂದೇ ಹೆಸರು. ಅವನು ಚರ್ಚಿನ ಪಾಸ್ಟರ ದನಿ ತೆಗೆದು, ಒಂದೊಂದು ಪದವನ್ನೂ ಹಗ್ಗದ ಮೇಲೆ ಒಣಹಾಕಿದಂತೆ ಎಳೆದೆಳೆದು, ಬಿಸಿಲನ್ನು ಹಾಸಿಗೆಯ ಮೇಲೂ ಅನುಗ್ರಹಿಸಬೇಕೆಂದು ತಂದೆಯಾದ ದೇವರನ್ನು ಬೇಡುತ್ತಿದ್ದ. ಬಡಗಿಯ ತಾಯಿಗೆ ಕಿವಿ ಮಂದ. ಆ ಅಜ್ಜಿ ಯಾರದೇ ಪ್ರಾರ್ಥನೆಯಿರಲಿ, ದನಿ ಎಲ್ಲಿ ಸ್ವಲ್ಪ ಇಳಿಯಿತೋ ಅಲ್ಲಿ “ಆಮೆನ್” ಎಂದು ಮೊಹರು ಒತ್ತುತ್ತಿದ್ದಳು.

ಬಡಗಿಯ ಪಾಲಿಗೆ ಬರುತ್ತಿದ್ದದ್ದು ಅಡುಗೆಮನೆಯ ಬಾಗಿಲು. ಅವನು ಕೂರಿಸಿಕೊಟ್ಟ ಬಾಗಿಲು ಮುಚ್ಚಿದರೆ ಪಕ್ಕದಲ್ಲಿ ಮಲಗಿದ ಬೆಕ್ಕಿಗೂ ಗೊತ್ತಾಗುವುದಿಲ್ಲ ಎಂದು ಊರೆಲ್ಲ ಹೊಗಳಿಕೆ. ಅವನ ಸ್ವಂತ ಅಡುಗೆಮನೆಯ ಬಾಗಿಲು ಮಾತ್ರ ಮದುವೆಯಾದಾಗಿನಿಂದ ನೆಲಕ್ಕೆ ತಾಗಿ, ಅದೇ ಬೆಕ್ಕು ಬಾಲ ತುಳಿಸಿಕೊಂಡಂತೆ ಕಿರುಚುತ್ತಿತ್ತು. “ಕರ್ತನೇ, ನೀನೂ ಇದೇ ಕಸುಬು ಮಾಡಿದವನು. ನಿನ್ನ ತಾಯಿಗೂ ಇಂಥದೇ ಬಾಗಿಲು ಹಾಕಿಕೊಟ್ಟಿದ್ದೆಯಾ? ಇವರಿಗೆ ಸ್ವಲ್ಪ ಹೇಳು,” ಎಂದು ಹೆಂಡತಿ ಬೇಡುತ್ತಿದ್ದಳು. ಇವಳಿಗೆ ತಾಳ್ಮೆಯ ಬಾಗಿಲು ತೆರೆಯಲಿ ಎಂದು ಬಡಗಿ ಬೇಡುತ್ತಿದ್ದ. ಬಾಗಿಲೂ ಸುಮ್ಮನಾಗಲಿಲ್ಲ, ಬಾಯಿಯೂ ಸುಮ್ಮನಾಗಲಿಲ್ಲ, ಸಂಸಾರ ಸುಖವಾಗಿತ್ತು.

ಹೀಗಿರುವಾಗ ಒಂದು ಭಾನುವಾರ ಚರ್ಚಿನ ಮೆಟ್ಟಿಲು ಹತ್ತುತ್ತ ಹೆಂಡತಿ ಉಸಿರು ಸಿಕ್ಕದೆ ಕುಸಿದಳು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಮುಂದಕ್ಕೆ ಹೋದ ರಕ್ತ ಹಿಂದಕ್ಕೆ ಸೋರುತ್ತಿದೆ ಎಂದು ಡಾಕ್ಟರು ಗಂಡಹೆಂಡಿರನ್ನು ಎದುರು ಕೂರಿಸಿಕೊಂಡು ಹೇಳಿದರು. ಆಪರೇಷನ್ನಿನಲ್ಲಿ ಅಪಾಯವಿದೆ, ಮಾಡದಿದ್ದರೆ ಇನ್ನೂ ದೊಡ್ಡ ಅಪಾಯವಿದೆ, ತಡ ಮಾಡಬೇಡಿ ಎಂದೂ ಹೇಳಿದರು. ಕವಾಟವೆಂದರೆ ಬಾಗಿಲೇ ಎಂದು ತಿಳಿದ ಬಡಗಿ, ಅಂಚು ಸ್ವಲ್ಪ ಉಜ್ಜಿದರೆ ಸಾಲದಾ ಎಂದು ಕೇಳಿಯೂಬಿಟ್ಟ. ಡಾಕ್ಟರು ನಗಲಿಲ್ಲ. “ಚೌಕಟ್ಟು ಗಟ್ಟಿಯಾಗಿದೆ. ಬಾಗಿಲು ಮಾತ್ರ ಹೊಸದು ಹಾಕಬೇಕು,” ಎಂದರು.

ವಿಷಯ ತಿಳಿದು ಪಾಸ್ಟರು ಮನೆಗೆ ಬಂದರು. ಬಂದದ್ದು ಸಂಜೆಯ ಹೊತ್ತಿಗೆ. ಟವೆಲು, ಬಾಗಿಲು, ಅತ್ತೆಯ ಗೊರಕೆ ಎಲ್ಲವೂ ಸ್ವರ್ಗಕ್ಕೆ ರವಾನೆಯಾಗುವುದನ್ನು ಕೇಳಿ ಬೆವರೊರೆಸಿಕೊಂಡರು. ಹೋಗುವಾಗ ಉಳಿದ ಮೂವರನ್ನು ಗೇಟಿನ ಹತ್ತಿರ ಕರೆದು, ಕಾಯಿಲೆಯ ಮನೆಯಲ್ಲಿ ದೇವರ ಮುಂದೆ ಗೊಣಗಬಾರದು, ಇನ್ನು ಮೇಲೆ ಬರೀ ಸ್ತೋತ್ರ, ಬರೀ ಒಳ್ಳೆಯ ಮಾತು ಎಂದು ತಾಕೀತು ಮಾಡಿದರು. ಮೂವರೂ ಹೆದರಿದ್ದರು. ತಲೆಯಾಡಿಸಿದರು.

ಮರುದಿನ ಮಗ ಸ್ವಂತ ದನಿಯಲ್ಲಿ, ಇಂಥ ತಾಯಿಯನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸಿದ. ಹೆಂಡತಿ ಒಂದು ಕಣ್ಣು ತೆರೆದಳು. ಬಡಗಿ ಅವಳನ್ನು ಗುಣವಂತೆ ಎಂದು ಕರೆದ. ಆ ಪದವನ್ನು ಅವನು ಅದುವರೆಗೆ ತೇಗದ ಮರಕ್ಕೂ ಬಳಸಿರಲಿಲ್ಲ. ಅಜ್ಜಿ, “ನನ್ನ ಸೊಸೆ ಬಂಗಾರ,” ಎಂದಾಗ ಎರಡನೇ ಕಣ್ಣೂ ತೆರೆಯಿತು.

ಅಂದಿನಿಂದ ಅವಳು ಸೊರಗತೊಡಗಿದಳು. ಊಟ ಸೇರದು, ಮಾತು ಬಾರದು, ಪ್ರಾರ್ಥನೆಯ ಸರದಿ ಬಂದರೆ ತಲೆ ಅಲ್ಲಾಡಿಸುವಳು. ಕಾಯಿಲೆ ಜೋರಾಯಿತೆಂದುಕೊಂಡ ಮನೆಯವರು ಇನ್ನಷ್ಟು ಸಿಹಿಯಾದರು. ಟವೆಲು ತಾನಾಗಿ ಹಗ್ಗದ ಮೇಲೇರಿತು. ಕೊನೆಗೆ ಬಡಗಿ, ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಅವಳು ಮಧ್ಯಾಹ್ನ ಮಲಗಿದ್ದಾಗ ಅಡುಗೆಮನೆಯ ಬಾಗಿಲನ್ನು ಬಿಚ್ಚಿ, ಬುಡ ಉಜ್ಜಿ, ಕೀಲಿಗೆ ಎಣ್ಣೆ ಬಿಟ್ಟು ಮತ್ತೆ ಕೂರಿಸಿದ. ಎದ್ದು ಬಂದವಳು ಬಾಗಿಲು ತಳ್ಳಿದಳು. ಸದ್ದಿಲ್ಲ. ಎಳೆದಳು. ಸದ್ದಿಲ್ಲ. ಹೊಗಳಿಕೆಗಾಗಿ ಬಡಗಿ ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡು ಕಾದ. ಅವಳು ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತು, “ನಾನು ಆಸ್ಪತ್ರೆಗೆ ಬರಲ್ಲ,” ಎಂದಳು.

ಏಕೆಂದು ಹೇಳಲಿಲ್ಲ. ಬಡಗಿ ಗೋಗರೆದ. ಮಗ ಡಾಕ್ಟರ ದನಿಯಲ್ಲಿ ಬೆದರಿಸಿದ. ಪಾಸ್ಟರು ಫೋನಿನಲ್ಲೇ ಉದ್ದವಾದ ಸ್ತೋತ್ರ ಹೇಳಿದರು. ಅದನ್ನು ಕೇಳಿ ಅವಳು ಇನ್ನಷ್ಟು ಬಿಳುಚಿಕೊಂಡಳು. ತಡ ಮಾಡಬೇಡಿ ಎಂದ ಡಾಕ್ಟರ ಮಾತು ಬಡಗಿಯ ತಲೆಯಲ್ಲಿ ಸುತ್ತಿಗೆಯಂತೆ ಬಡಿಯುತ್ತಿತ್ತು.

ಸಂಜೆ ಮೇಜಿನ ಸುತ್ತ ಕುಳಿತಾಗ, ಯಾರೂ ಕೇಳದೆ ಅವಳೇ ಶುರು ಮಾಡಿದಳು.

“ಕರ್ತನೇ, ಇವರ್ಯಾರೂ ನನಗೆ ಹೇಳಲ್ಲ, ನೀನಾದ್ರೂ ಹೇಳು. ಡಾಕ್ಟರು ಇವರ ಹತ್ರ ಗುಟ್ಟಾಗಿ ಏನೋ ಹೇಳಿದ್ದಾರೆ. ಇಲ್ಲದಿದ್ರೆ ಅತ್ತೆ ನನ್ನನ್ನ ಬಂಗಾರ ಅಂತಾರಾ? ಇಂಥ ಮಾತನ್ನ ನಾನು ಸಮಾಧಿ ಹತ್ರ ಮಾತ್ರ ಕೇಳಿದ್ದು. ಹೋಗ್ಲಿ ಅಂದ್ರೆ, ಇವರು ಬಾಗಿಲು ರಿಪೇರಿ ಮಾಡಿದ್ರು. ಬದುಕೋ ಹೆಂಡತಿಗೆ ಯಾವ ಗಂಡ ಬಾಗಿಲು ರಿಪೇರಿ ಮಾಡಿಕೊಡ್ತಾನೆ ಹೇಳು? ಸಾಯೋದೇ ಗ್ಯಾರಂಟಿ ಅಂದ್ಮೇಲೆ ಎದೆ ಯಾಕೆ ಕುಯ್ಯಿಸ್ಕೊಳ್ಳಲಿ? ಇಲ್ಲೇ ಸಾಯ್ತೀನಿ.”

ದನಿ ಇಳಿಯಿತು. “ಆಮೆನ್,” ಎಂದಳು ಅಜ್ಜಿ.

ಮಗ ಅಜ್ಜಿಯ ಮೊಣಕೈ ತಿವಿದ. ಬಡಗಿ ಕಣ್ಣು ಬಿಟ್ಟು, ಡಾಕ್ಟರು ಗುಟ್ಟಾಗಿ ಏನೂ ಹೇಳಿಲ್ಲ, ಎಲ್ಲ ಆ ಪಾಸ್ಟರ ಸಲಹೆ ಎಂದು ಆಣೆ ಪ್ರಮಾಣಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾತುಗಳೆಲ್ಲವನ್ನೂ ಬಳಸಿ ಹೇಳಿದ. ಅವಳು ಮುಖ ತಿರುವಿದಳು. ಕಣ್ಣು ಬಿಟ್ಟುಕೊಂಡು ಆಡಿದ ಮಾತಿಗೆ ಆ ಮನೆಯಲ್ಲಿ ಎಂದೂ ಬೆಲೆಯಿರಲಿಲ್ಲ.

ಬಡಗಿ ಎದ್ದ. ಸ್ಕ್ರೂಡ್ರೈವರ್ ತಂದು ಅಡುಗೆಮನೆಯ ಬಾಗಿಲಿನ ಮೇಲಿನ ಕೀಲನ್ನು ಸಡಿಲಿಸಿದ. ಬಟ್ಟೆಯಿಂದ ಎಣ್ಣೆಯನ್ನೆಲ್ಲ ಒರೆಸಿ ತೆಗೆದ. ಬಾಗಿಲು ಜೋತುಬಿದ್ದು ನೆಲಕ್ಕೆ ತಾಗಿತು. ಎಳೆದು ನೋಡಿದ, ಗೊರ್ ಎಂದಿತು, ಅಷ್ಟೇ.

ದನಿಯ ವಿಷಯ ಬಂದಮೇಲೆ ಮಗ ಸುಮ್ಮನಿರುವುದುಂಟೇ? “ಅದಲ್ಲಪ್ಪ. ಮೊದಲು ಕೀಈಈ ಅನ್ನುತ್ತೆ, ನಡುವೆ ಒಂದು ಬಿಕ್ಕಳಿಕೆ, ಆಮೇಲೆ ಅಜ್ಜಿ ಆಕಳಿಸಿದ ಹಾಗೆ ಮುಗಿಯುತ್ತೆ,” ಎಂದು ನುಡಿಸಿಯೂ ತೋರಿಸಿದ. ಜೀವಮಾನವೆಲ್ಲ ಬಾಗಿಲಿನ ಸದ್ದು ಅಡಗಿಸಿದ ಕೈ ಈಗ ಬೆವರುತ್ತ ಸದ್ದು ಹುಡುಕಿತು. ಒಂದು ಸ್ಕ್ರೂ ಬಿಗಿ, ಒಂದು ಸಡಿಲ, ಒಂದು ತುಟಿಗಳ ನಡುವೆ. ಕೊನೆಗೊಮ್ಮೆ ಬಾಗಿಲು ಕಿರುಚಿ, ಬಿಕ್ಕಳಿಸಿ, ಆಕಳಿಸಿತು. ಸ್ಟವ್ ಕೆಳಗಿದ್ದ ಬೆಕ್ಕು ಹೊರಗೋಡಿತು.

ಬಡಗಿ ಬಂದು ಕುಳಿತು ಕಣ್ಣು ಮುಚ್ಚಿದ.

“ಕರ್ತನೇ, ಈ ಹೆಂಗಸಿನ ಕೈಲಿ ನನಗೆ ಸಾಕಾಗಿಹೋಗಿದೆ. ಅಳತೆ ಗುರುತು ಹಾಕಿಟ್ಟ ಹಲಗೇನ ಬಚ್ಚಲ ಒಲೆಗೆ ಇಡ್ತಾಳೆ. ಹೇಳಿದ್ದು ಕೇಳಲ್ಲ, ಹೇಳದೇ ಇದ್ದದ್ದೆಲ್ಲ ಕೇಳಿಸ್ಕೊಳ್ತಾಳೆ. ಡಾಕ್ಟರು ಇವಳಿಗೆ ಹೇಳಿದ್ದೇ ನನಗೂ ಹೇಳಿದ್ದು, ಒಂದಕ್ಷರ ಜಾಸ್ತಿ ಇಲ್ಲ. ಮುಂದೇನಾಗುತ್ತೋ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನನಗೆ ಭಯ ಆಗ್ತಿದೆ. ಆ ಬಾಗಿಲನ್ನ ಇನ್ನು ಮುಟ್ಟಲ್ಲ. ಇವಳು ವಾಪಸ್ ಬಂದು ಬೈಬೇಕು. ನಾನಿನ್ನೂ ತುಂಬಾ ಬೈಸ್ಕೊಳ್ಳೋದಿದೆ.”

ಈ ಪ್ರಾರ್ಥನೆಗೆ ಮೊಹರು ಒತ್ತಲು ಅಜ್ಜಿ ಮರೆತಳು.

“ಕರ್ತನೇ,” ಎಂದಳು ಹೆಂಡತಿ ಕಣ್ಣು ಮುಚ್ಚಿಕೊಂಡೇ, “ಬಾಯಲ್ಲಿ ಸ್ಕ್ರೂ ಇಟ್ಕೊಂಡು ಪ್ರಾರ್ಥನೆ ಮಾಡೋ ಗಂಡಸನ್ನ ನೀನು ಎಲ್ಲಾದ್ರೂ ಕಂಡಿದ್ದೀಯಾ?”

ಬಡಗಿ ಸ್ಕ್ರೂ ಉಗುಳಿದ. ಅವಳು ಮಗನ ಕಡೆ ತಿರುಗಿ, ಬ್ಯಾಗಿಗೆ ಟವೆಲು ಹಾಕು, ಒಣಗಿದ್ದು ಎಂದಳು.

ಆಪರೇಷನ್ ನಡೆಯುತ್ತಿದ್ದಷ್ಟು ಹೊತ್ತೂ ಆಸ್ಪತ್ರೆಯ ಕಾರಿಡಾರಿನಲ್ಲಿ ಮೂವರೂ ಸಾಲಾಗಿ ಕುಳಿತು ಅವಳ ತಪ್ಪುಗಳನ್ನೆಲ್ಲ ದೇವರಿಗೆ ವರದಿ ಮಾಡಿದರು. ಜೊತೆಗೆ ಬಂದಿದ್ದ ಪಾಸ್ಟರು ಮೊದಲು ತಡೆಯಲು ನೋಡಿದರು. ಆಮೇಲೆ, ಅವಳು ಚರ್ಚಿನಲ್ಲಿ ತಮ್ಮ ಪ್ರಸಂಗ ಉದ್ದವಾಯಿತೆಂದು ಮೊದಲ ಸಾಲಿನಲ್ಲೇ ಕುಳಿತು ಗಡಿಯಾರ ನೋಡುತ್ತಾಳೆಂದು ತಾವೂ ಒಂದು ದೂರು ಸೇರಿಸಿದರು.

ಅವಳಿಗೆ ಎಚ್ಚರವಾದ ಮೇಲೆ ನರ್ಸುಗಳು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತೇವೆಂದರು. ಅಜ್ಜಿಗೆ ಅದು ಕೇಳಿಸದೆ ಬಡಗಿಯ ತೋಳು ಹಿಡಿದುಕೊಂಡು ತಾನೂ ಬಂದಳು. ಕೊಳವೆಗಳ ನಡುವೆ ಹೆಂಡತಿ ಸಣ್ಣಗೆ ಮಲಗಿದ್ದಳು. ಹೊಸ ಬಾಗಿಲು ಹೇಗಿದೆ ಎಂದು ಕೇಳಲು ಬಡಗಿಗೆ ಧೈರ್ಯವಾಗಲಿಲ್ಲ. ಬಾಗಿ ಕಿವಿಯನ್ನು ಅವಳ ಎದೆಯ ಹತ್ತಿರ ತಂದ. ಬ್ಯಾಂಡೇಜಿನ ಒಳಗೆ ಲೋಹದ ಕವಾಟ, ಟಿಕ್, ಟಿಕ್.

ಅವಳು ಕಣ್ಣು ಮುಚ್ಚಿಕೊಂಡಳು.

“ಕರ್ತನೇ, ಇದೂ ಸದ್ದು ಮಾಡುತ್ತೆ. ಇದನ್ನೂ ಇವರೇ ಕೂರಿಸಿದ್ರಾ?”

ಈಗ ಬಡಗಿಯ ಸರದಿ. ಕಣ್ಣು ಮುಚ್ಚಿದ, ಬಾಯಿ ತೆರೆದ. ಪೆನ್ಸಿಲ್ ಕಿವಿಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಅದನ್ನು ತಡಕುತ್ತಿರುವಾಗಲೇ ಬೆನ್ನ ಹಿಂದೆ ಅಜ್ಜಿ, ಈ ಸಲ ಸರಿಯಾದ ಜಾಗದಲ್ಲಿ, “ಆಮೆನ್,” ಎಂದಳು.